ನೆತ್ತರುಗೊಡಗೆಯ ನಾಡಿನಲ್ಲಿ ಬರಿಯ ಹಾರ-ತುರಾಯಿ

ವರ್ಷಕ್ಕೆ ನಾಲ್ಕು ದಿನ ನಮ್ಮ ಪುಢಾರಿಗಳಿಗೆ ಸೈನಿಕನ ನೆನಪಾಗುತ್ತದೆ. ಜನವರಿ 26, ಜುಲೈ 26, ಆಗಸ್ಟ್ 15, ಡಿಸೆಂಬರ್ 7. ಗಣರಾಜ್ಯದ ದಿನ, ಕಾರ್ಗಿಲ್ ವಿಜಯದ ದಿನ, ಸ್ವಾತಂತ್ರ್ಯದ ದಿನ, ಮತ್ತು 1949ರಿಂದ ನಡೆದುಬಂದ ಸಶಸ್ತ್ರ ಪಡೆಗಳ ಧ್ವಜ ದಿನ. ಈ ದಿನಗಳಲ್ಲಿ ಧಾರವಾಡದ ಕಾರ್ಗಿಲ್ ಸ್ತೂಪಕ್ಕೆ ಹೂ ಏರುತ್ತದೆ. ತಾಲೂಕಿನ ಮೈದಾನದಲ್ಲಿ ಮಾಜಿ ಸೈನಿಕನನ್ನು ಕುರ್ಚಿಯ ಮೇಲೆ ಕೂಡ್ರಿಸಿ ಶಾಲು ಹೊದಿಸುತ್ತಾರೆ, ಕೈಯಲ್ಲಿ ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಯುತ್ತಾರೆ. ಮರುದಿನ ಹೂ ಬಾಡುತ್ತದೆ, ನೆನಪೂ ಬಾಡುತ್ತದೆ.

ನಾವು ಹೂವಿನ ವೈರಿಗಳಲ್ಲ. ಸತ್ತವನ ಸಮಾಧಿಗೆ ಹಾರ ಹಾಕಬೇಡಿರೆಂದು ಯಾವ ಬುದ್ಧಿಯಿದ್ದವನೂ ಹೇಳಲಾರ. ನಮ್ಮ ತಕರಾರು ಬೇರೆ. ದೇಶಕ್ಕಾಗಿ ಮಡಿದವನಿಗೆ, ಕೈಕಾಲು ಕಳೆದುಕೊಂಡವನಿಗೆ, ಹರೆಯವನ್ನೆಲ್ಲ ಗಡಿಯಲ್ಲಿ ಸವೆಸಿ ಬಂದವನಿಗೆ ನಾವು ಕೊಡಬೇಕಾದದ್ದು ಸಾಲ, ದಾನವಲ್ಲ. ಈ ಮಾತನ್ನು ನಮ್ಮ ಅಂಗಡಿಕಾರ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉದ್ರಿ ಒಯ್ದ ಗಿರಾಕಿ ತಿಂಗಳ ಕೊನೆಗೆ ಬಂದು ಗಲ್ಲಾದ ಮೇಲಿನ ಲಕ್ಷ್ಮಿಯ ಪಟಕ್ಕೆ ಮಾಲೆ ಹಾಕಿ, ನಿಮಗೊಂದು ದೊಡ್ಡ ನಮಸ್ಕಾರ ಮಾಡಿ ಹೋದರೆ ಖಾತೆ ಚುಕ್ತಾ ಆಗುತ್ತದೆಯೆ? ನಮ್ಮ ಸರಕಾರಗಳು ಸೈನಿಕರ ಉದ್ರಿಯನ್ನು ಇದೇ ರೀತಿ ತೀರಿಸುತ್ತ ಬಂದಿವೆ.

ಹಿರಿಯರು ಏನು ಮಾಡಿದರು?

ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಸೀಮೆಯಲ್ಲಿ ಹುಟ್ಟಿದವರಿಗೆ ವೀರಗಲ್ಲು ಗೊತ್ತು. ಗುಡಿಯ ಹಿಂದೆ, ಕೆರೆಯ ದಂಡೆಗೆ, ಬೇವಿನ ಗಿಡದ ಬುಡಕ್ಕೆ ಒರಗಿ ನಿಂತ ಕಲ್ಲು. ಅದರ ಕೆಳಗಿನ ಸಾಲಿನಲ್ಲಿ ಕಾದಾಟ, ನಡುವಿನ ಸಾಲಿನಲ್ಲಿ ವೀರನನ್ನು ಎತ್ತಿ ಒಯ್ಯುವ ಅಪ್ಸರೆಯರು, ಮೇಲಿನ ಸಾಲಿನಲ್ಲಿ ಲಿಂಗದ ಮುಂದೆ ಕುಳಿತ ವೀರ. ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವನಿಗೆ, ಊರಳಿವಿನಲ್ಲಿ ಬಾಗಿಲಿಗೆ ಅಡ್ಡ ನಿಂತು ಸತ್ತವನಿಗೆ, ಹೆಣ್ಣಿನ ಮಾನ ಕಾಯಲು ಸತ್ತವನಿಗೆ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಇಂದಿನ ಭಾಷಣಕಾರರು ಇಷ್ಟನ್ನು ಹೇಳಿ, ನಮ್ಮದು ವೀರರ ನಾಡು ಎಂದು ಎದೆ ತಟ್ಟಿಕೊಂಡು ಕೆಳಗೆ ಇಳಿಯುತ್ತಾರೆ.

ಅವರು ಹೇಳದೆ ಬಿಡುವ ಅರ್ಧ ಬೇರೆ ಇದೆ. ಕಲ್ಲು ಎಷ್ಟೋ ಕಡೆ ಒಂಟಿಯಾಗಿ ಬರುತ್ತಿರಲಿಲ್ಲ. ಅದರ ಜೊತೆಗೆ ಭೂಮಿ ಬರುತ್ತಿತ್ತು. ನಮ್ಮ ಶಾಸನಗಳಲ್ಲಿ ಅದಕ್ಕೆ ಹೆಸರುಗಳೇ ಇವೆ: ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು. ನೆತ್ತರು ಚೆಲ್ಲಿದವನ ಮನೆಗೆ ಕೊಡುವ ಕೊಡಗೆ ನೆತ್ತರುಗೊಡಗೆ. ಕತ್ತಿ ತೊಳೆದು ಕೊಡುವ ದತ್ತಿ ಬಾಳ್ಗಳ್ಚು. ಬೇಗೂರಿನ ವೀರಗಲ್ಲನ್ನು ನೋಡಿ. ಸುಮಾರು 890ರ ಹೊತ್ತಿನ ಆ ಕಲ್ಲು ನಾಗತ್ತರನ ಸಾವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ; ಆತ ಮಡಿದ ಮೇಲೆ ಇರುಗನಿಗೆ ಕಲ್ನಾಡಾಗಿ ಕೊಟ್ಟ ಊರುಗಳನ್ನೂ ಹೆಸರು ಹಿಡಿದು ಎಣಿಸುತ್ತದೆ.

ಇನ್ನೂ ನಾಚಿಕೆಯಾಗಬೇಕಾದ ಮಾತು ಆತಕೂರಿನ ಶಾಸನದ್ದು. ಮಂಡ್ಯದ ಕಡೆಯ ಆ ಶಾಸನ ಕ್ರಿ.ಶ. 949-50ರದು. ಕಾಳಿ ಎಂಬ ಬೇಟೆನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಆ ನಾಯಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಭೂಮಿಯ ಉತ್ಪನ್ನ ಉಂಡು ಕಲ್ಲಿನ ಪೂಜೆ ತಪ್ಪಿಸಿದವನಿಗೆ ಪಾಪ ತಟ್ಟಲಿ ಎಂದು ಕಲ್ಲಿನ ಮೇಲೆಯೇ ಬರೆಯಿಸಿದರು. ಸಾವಿರ ವರ್ಷದ ಹಿಂದೆ ನಾಯಿಯ ಶೌರ್ಯಕ್ಕೂ ಹೊಲ ಬಿಟ್ಟ ನಾಡು ಇದು. ಆ ಅರಸರೇನೂ ಧರ್ಮರಾಯರಲ್ಲ. ತಮ್ಮ ರಾಜ್ಯ ಹಿಗ್ಗಿಸಲು ಬಡವರ ಮಕ್ಕಳನ್ನು ಬಡಿದಾಡಿಸಿದವರೇ. ಆದರೂ ಅವರಿಗೆ ಒಂದು ಮಾತು ತಿಳಿದಿತ್ತು. ಉಳಿದವರಿಗೆ ಅನ್ನ ಕೊಡದೆ ಸತ್ತವನಿಗೆ ಕಲ್ಲು ಮಾತ್ರ ಕೊಟ್ಟರೆ ಅದು ಮೋಸ. ಈ ಮಾತು ಪ್ರಜೆಗಳೇ ಪ್ರಭುಗಳಾದ ಕಾಲದ ನಮ್ಮ ಆಳುವವರಿಗೆ ಮಾತ್ರ ತಿಳಿಯದು.

ಬೆಟದೂರಿನ ಪಾಠ

2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಸೋನಂ ಠಾಣೆಯ ಮೇಲೆ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮದ ಗೋಡೆ ಕುಸಿದು ಬಿತ್ತು. ಮದ್ರಾಸ್ ರೆಜಿಮೆಂಟಿನ 19ನೆಯ ಬಟಾಲಿಯನ್ನಿನ ಹತ್ತು ಮಂದಿ ಅದರ ಅಡಿಯಲ್ಲಿ ಹೂತುಹೋದರು. ಆರನೆಯ ದಿನ ಒಬ್ಬ ಉಸಿರಾಡುತ್ತಿರುವುದು ಕಂಡಿತು. ಆತ ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನಮಂತಪ್ಪ ಕೊಪ್ಪದ, 33 ವರ್ಷದ ರೈತನ ಮಗ. ದಿಲ್ಲಿಯ ಸೈನಿಕ ಆಸ್ಪತ್ರೆಗೆ ಪ್ರಧಾನಿಯೇ ಹೋಗಿ ನೋಡಿ ಬಂದರು. ದೇಶವೆಲ್ಲ ಹರಕೆ ಹೊತ್ತಿತು. ಫೆಬ್ರವರಿ 11ರಂದು ಆತ ತೀರಿಕೊಂಡ. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಜನಸಾಗರ ಅಂತಿಮ ದರ್ಶನ ಪಡೆಯಿತು. ಮರುದಿನ ಬೆಟದೂರಿನ ಮಣ್ಣಿನಲ್ಲಿ ಸರಕಾರಿ ಮರ್ಯಾದೆಯೊಂದಿಗೆ ಮಣ್ಣಾಯಿತು. ಗಿರಣಿಯ ಕಾರ್ಮಿಕರು ಪಾಳಿ ಬಿಟ್ಟು ಬಂದರು, ಅಂಗಡಿಕಾರರು ತಾವಾಗಿಯೇ ಬಾಗಿಲು ಮುಚ್ಚಿದರು. ಆ ದಿನ ಯಾರೂ ಯಾರಿಗೂ ಜಾತಿ ಕೇಳಲಿಲ್ಲ, ಪಕ್ಷ ಕೇಳಲಿಲ್ಲ. ಜನರ ಆ ದುಃಖ ಸಾಚಾ ದುಃಖ. ಅದಕ್ಕೆ ನಾವು ತಲೆಬಾಗುತ್ತೇವೆ.

ಜನ ತಮ್ಮ ಪಾಲು ಸಲ್ಲಿಸಿದರು. ಸರಕಾರ ತನ್ನ ಪಾಲು ಹೇಗೆ ಸಲ್ಲಿಸಿತು? ರಾಜ್ಯ ಸರಕಾರ 25 ಲಕ್ಷ ರೂಪಾಯಿ, ಹೊಲ, ನಿವೇಶನ, ಮನೆಯವರಿಗೆ ನೌಕರಿ ಎಂದು ಸಾರಿತು. 2017ರಲ್ಲಿ ಮರಣೋತ್ತರ ಸೇನಾ ಪದಕವೂ ಬಂತು. ಆದರೆ ವರ್ಷ ತುಂಬಿದ ಮೇಲೂ ನೌಕರಿಯ ಮಾತು ಮಾತಾಗಿಯೇ ಉಳಿದಿದೆಯೆಂದು ಆ ವೀರನ ಹೆಂಡತಿ ಪತ್ರಿಕೆಯವರ ಮುಂದೆ ಹೇಳಬೇಕಾಯಿತು. ಇಡೀ ದೇಶ ಹೆಸರು ಹಿಡಿದು ಕರೆದ ಯೋಧನ ಮನೆಗೇ ಈ ಗತಿ. ಹೆಸರು ಯಾರಿಗೂ ಗೊತ್ತಿಲ್ಲದವನ ಮನೆಯ ಗತಿ ಏನು? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥದಕ್ಕೇ ಹುಟ್ಟಿದ್ದು.

ಇನ್ನೊಂದು ಪ್ರಶ್ನೆ. ಆ ಹಿಮದ ಅಡಿಯಲ್ಲಿ ಸತ್ತ ಹತ್ತು ಮಂದಿಯಲ್ಲಿ ಮೂವರು ಕರ್ನಾಟಕದವರು. ಹನಮಂತಪ್ಪನ ಹೆಸರು ನಿಮಗೆ ಗೊತ್ತು. ಉಳಿದಿಬ್ಬರ ಹೆಸರು ಹೇಳಬಲ್ಲಿರಾ? ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ್, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆಯ ಸಿಪಾಯಿ ಮಹೇಶ್. ಇವರೂ ಅದೇ ಠಾಣೆಯಲ್ಲಿ, ಅದೇ ದಿನ, ಅದೇ ಹಿಮದಲ್ಲಿ ಹೂತವರು. ಆರು ದಿನ ಉಸಿರು ಹಿಡಿಯಲಿಲ್ಲ ಎಂಬುದೊಂದೇ ಅಂತರ. ಟೀವಿಯ ಕೆಮೆರಾ ಎಷ್ಟು ಹೊತ್ತು ನಿಂತಿತು ಎಂಬುದರ ಮೇಲೆ ಸಾವಿನ ತೂಕ ಗೊತ್ತುಮಾಡುವ ಪದ್ಧತಿ ನಮ್ಮದಾಗಿದೆ. ಮಂತ್ರಿಗಳು ಬಂದ ಮನೆಗೆ ಹೆಚ್ಚು, ಮಂತ್ರಿಗಳು ಬಾರದ ಮನೆಗೆ ಕಡಿಮೆ. ಚುನಾವಣೆ ಹತ್ತಿರವಿದ್ದರೆ ಹೆಚ್ಚು, ದೂರವಿದ್ದರೆ ಕಡಿಮೆ. ಇದಕ್ಕೆ ಗೌರವ ಎನ್ನುತ್ತಾರೆಯೇ? ಇದು ಜಾತ್ರೆಯಲ್ಲಿ ಸಾಹುಕಾರ ಚಿಲ್ಲರೆ ತೂರಿದ ಹಾಗೆ. ಹತ್ತಿರ ನಿಂತವನ ಕೈಗೆ ಸಿಕ್ಕೀತು, ಹಿಂದೆ ನಿಂತವನಿಗೆ ಧೂಳು.

ಭಾಷಣದಲ್ಲಿ ಹುತಾತ್ಮ, ಕಡತದಲ್ಲಿ ಕಾಲಮು

ವೇದಿಕೆಯ ಮೇಲೆ ಎಲ್ಲರೂ ಹುತಾತ್ಮರೇ. ಆದರೆ ಹುತಾತ್ಮ ಎಂಬ ಪದಕ್ಕೆ ಸರಕಾರಿ ವ್ಯಾಖ್ಯೆಯೇ ಇಲ್ಲವೆಂದು ಕೇಂದ್ರ ಸರಕಾರ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. ಕಡತದಲ್ಲಿ ಇರುವುದು ಕಾಲಮುಗಳು. ಸೈನಿಕನ ಸಾವು ಯಾವ ಕಾಲಮಿಗೆ ಬಿದ್ದಿತು ಎಂಬುದರ ಮೇಲೆ ಅವನ ಹೆಂಡತಿಯ ಮುಂದಿನ ಬದುಕು ನಿಂತಿದೆ. ಸೇವೆಗೂ ಸಾವಿಗೂ ಸಂಬಂಧವಿಲ್ಲವೆಂದು ಬರೆದರೆ ಸಾಮಾನ್ಯ ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದ ನೂರಕ್ಕೆ 30. ಸೇವೆಯ ಕಾರಣದಿಂದ ಎಂದು ಬರೆದರೆ ವಿಶೇಷ ಕುಟುಂಬ ಪಿಂಚಣಿ, ನೂರಕ್ಕೆ 60. ಯುದ್ಧ ಅಥವಾ ಅದಕ್ಕೆ ಸಮನಾದ ಕಾರ್ಯಾಚರಣೆ ಎಂದು ಬರೆದರೆ ಉದಾರೀಕೃತ ಕುಟುಂಬ ಪಿಂಚಣಿ, ಕೊನೆಯ ಸಂಬಳ ಪೂರ್ತಿ. ಮೂರು ಮಕ್ಕಳ ತಾಯಿಗೆ ನೂರಕ್ಕೂ ಮೂವತ್ತಕ್ಕೂ ಇರುವ ಅಂತರ ಏನೆಂದು ಸಂಬಳದ ಮೇಲೆ ಸಂಸಾರ ತೂಗಿಸುವ ಗಿರಣಿಯ ಕಾರ್ಮಿಕ ಬಲ್ಲ.

ಕಾಲಮು ತಪ್ಪಿದೆ ಎನಿಸಿದರೆ ಆಕೆ ಎಲ್ಲಿಗೆ ಹೋಗಬೇಕು? ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ. 2007ರ ಕಾಯಿದೆಯಂತೆ 2009ರಲ್ಲಿ ಅದು ಕೆಲಸ ಆರಂಭಿಸಿದಾಗ ಕರ್ನಾಟಕಕ್ಕೆ ಸ್ವಂತದ ಪೀಠ ಕೊಡಲಿಲ್ಲ. ನಮ್ಮ ರಾಜ್ಯವನ್ನು ಕೇರಳದ ಕೊಚ್ಚಿಯ ಪೀಠಕ್ಕೆ ಜೋಡಿಸಿದರು. ಕಲಘಟಗಿಯ ಹಳ್ಳಿಯಿಂದ ಹುಬ್ಬಳ್ಳಿಗೆ ಬರುವುದೇ ಒಂದು ದಿನದ ಕೂಲಿಯ ನಷ್ಟವೆಂದು ಎಣಿಸುವ ಹೆಣ್ಣುಮಗಳಿಗೆ ನ್ಯಾಯವನ್ನು ಕೊಚ್ಚಿಯಲ್ಲಿ ಇಟ್ಟರೆ ಅದನ್ನು ನ್ಯಾಯ ಎನ್ನುವುದು ಹೇಗೆ?

ವಿಧವೆಯ ಬಗ್ಗೆ ಈ ವ್ಯವಸ್ಥೆಯ ಮನಸ್ಸು ಎಂಥದೆಂಬುದಕ್ಕೆ ಒಂದು ನಿಯಮ ಸಾಕು. ಶೌರ್ಯ ಪದಕ ಪಡೆದವನ ವಿಧವೆಗೆ ಒಂದು ಭತ್ಯೆ ಸಲ್ಲುತ್ತದೆ. ಆಕೆ ಮರುಮದುವೆಯಾದರೆ ಅದು ನಿಲ್ಲುತ್ತಿತ್ತು. ಸತ್ತ ಗಂಡನ ಅಣ್ಣತಮ್ಮನನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಯೋಧನ ಹೆಂಡತಿ ಆ ಮನೆಯ ಆಸ್ತಿ ಎಂಬ ಭಾವನೆ! ಈ ಷರತ್ತು ರದ್ದಾದದ್ದು 2017ರ ನವೆಂಬರಿನಲ್ಲಿ. ಸ್ವಾತಂತ್ರ್ಯ ಬಂದು 70 ವರ್ಷವಾದ ಮೇಲೆ!

ಬದುಕಿದ್ದಾಗ ಏನು ಕೊಟ್ಟರು?

ಗೌರವ ಸಾವಿನ ನಂತರ ಆರಂಭವಾಗತಕ್ಕದ್ದಲ್ಲ. ಸಿಯಾಚಿನ್ನಿನಲ್ಲಿ 1984ರಿಂದ ನಮ್ಮ ಸೈನ್ಯ ನಿಂತಿದೆ. ಅಲ್ಲಿ ಸತ್ತ ನಮ್ಮವರ ಸಂಖ್ಯೆ ಎಂಟುನೂರನ್ನು ಮೀರಿದೆ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ಚಳಿ ಮತ್ತು ಹಿಮ. ಅಂಥ ಜಾಗದಲ್ಲಿ ನಿಂತವನಿಗೆ ಬೂಟು, ಕನ್ನಡಕ, ಹಾಸಿಗೆ, ಊಟವೇ ಕೋಟೆಗೋಡೆ. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಏನು ಹೇಳಿತು? ಎತ್ತರದ ಪ್ರದೇಶದ ಸೈನಿಕರಿಗೆ ಹಿಮ ಕನ್ನಡಕಗಳ ಕೊರತೆ. ಹಳೆಯ ಮಾದರಿಯ ಮುಖಗವಸು, ಜಾಕೀಟು, ಮಲಗುವ ಚೀಲಗಳ ಖರೀದಿ. 2015ರ ನವೆಂಬರಿನಿಂದ 2016ರ ಸಪ್ಟಂಬರದವರೆಗೆ ಹೊಸ ಬೂಟು ಸಿಗದೆ ಹಳೆಯ ಬೂಟುಗಳನ್ನೇ ಮತ್ತೆ ಸರಿಮಾಡಿ ತೊಟ್ಟರು. ಊಟದಲ್ಲಿ ಸಿಗಬೇಕಾದ ಶಕ್ತಿಯಲ್ಲಿಯೂ ಕೊರತೆ.

ಆ ತಿಂಗಳುಗಳನ್ನು ಇನ್ನೊಮ್ಮೆ ಓದಿರಿ. ಹನಮಂತಪ್ಪ ಹಿಮದಲ್ಲಿ ಹೂತದ್ದು ಆ ಅವಧಿಯ ನಟ್ಟನಡುವೆ. ಬೂಟಿಲ್ಲದ್ದರಿಂದ ಆ ಹತ್ತು ಮಂದಿ ಸತ್ತರೆಂದು ನಾವು ಹೇಳುವುದಿಲ್ಲ. ಹಿಮದ ಬೆಟ್ಟ ಕುಸಿದರೆ ಬೂಟು ಅಡ್ಡ ಬರದು. ನಾವು ಹೇಳುವುದು ಇಷ್ಟೆ. ದಿಲ್ಲಿಯಲ್ಲಿ ಯೋಧನಿಗಾಗಿ ಕಣ್ಣೀರು ಸುರಿಸುತ್ತಿದ್ದ ಅದೇ ಹೊತ್ತಿನಲ್ಲಿ ಮೇಲೆ ನಿಂತ ಯೋಧರಿಗೆ ಬೂಟು ಮುಟ್ಟಿಸಲು ಆ ಸರಕಾರದಿಂದ ಆಗಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ!

ಇನ್ನು ಬದುಕಿ ಮರಳಿದವನ ಮಾತು. ಸಿಪಾಯಿ ಸರಕಾರಿ ಗುಮಾಸ್ತನ ಹಾಗೆ ಅರವತ್ತರವರೆಗೆ ದುಡಿಯುವುದಿಲ್ಲ. ಮೂವತ್ತೈದು, ನಲವತ್ತರ ಸುಮಾರಿಗೆ ಅವನನ್ನು ಮನೆಗೆ ಕಳಿಸುತ್ತಾರೆ. ಮಕ್ಕಳು ಸಾಲೆಯಲ್ಲಿ, ತಂಗಿಯ ಮದುವೆ ಬಾಕಿ, ಅಪ್ಪನ ಎರೆ ಹೊಲ ಮಳೆಯ ದಾರಿ ಕಾಯುತ್ತಿರುತ್ತದೆ. ಅವನಿಗೆಂದು ಕೇಂದ್ರ ಸರಕಾರದ ಸಿ ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 10, ಡಿ ದರ್ಜೆಯಲ್ಲಿ ನೂರಕ್ಕೆ 20 ಕಾದಿರಿಸಿದ್ದಾರೆ. ಕಾಗದದ ಮೇಲೆ ಚೆಂದ. 2021ರ ಜೂನ್ ಕೊನೆಯ ಲೆಕ್ಕದಲ್ಲಿ, ಮಾಹಿತಿ ಕೊಟ್ಟ ಕೇಂದ್ರ ಇಲಾಖೆಗಳಲ್ಲಿ ಸಿ ದರ್ಜೆಯಲ್ಲಿದ್ದ ಮಾಜಿ ಸೈನಿಕರು ನೂರಕ್ಕೆ 1.29, ಡಿ ದರ್ಜೆಯಲ್ಲಿದ್ದವರು ನೂರಕ್ಕೆ 2.66. ಹತ್ತಕ್ಕೆ ಒಂದೂಕಾಲು, ಇಪ್ಪತ್ತಕ್ಕೆ ಎರಡೂವರೆ. ಸಾಲೆಯ ಹುಡುಗ ಇಷ್ಟು ಅಂಕ ತಂದರೆ ಅವನನ್ನು ಅದೇ ತರಗತಿಯಲ್ಲಿ ಕೂಡ್ರಿಸುತ್ತೇವೆ. ಸರಕಾರಕ್ಕೆ ಮಾತ್ರ ಮುಂದಿನ ತರಗತಿ.

ಉಳಿದವರು ಎಲ್ಲಿ ಹೋದರು? ನಿಮ್ಮ ಗಿರಣಿಯ ಗೇಟಿಗೆ ಹೋಗಿ ನೋಡಿರಿ. ಬ್ಯಾಂಕಿನ ಬಾಗಿಲಿಗೆ, ಎ.ಟಿ.ಎಂ. ಮುಂದೆ, ಗೋದಾಮಿನ ಬಳಿ ನೋಡಿರಿ. ಗುತ್ತಿಗೆದಾರನ ಕೈಕೆಳಗೆ ಹನ್ನೆರಡು ತಾಸು ನಿಂತು, ರಾತ್ರಿ ಪಾಳಿ ಮುಗಿಸಿ ಹೋಗುವ ಆ ಮನುಷ್ಯ ಒಂದು ಕಾಲದಲ್ಲಿ ಗಡಿಯಲ್ಲಿ ಬಂದೂಕು ಹಿಡಿದು ನಿಂತವನಾಗಿರಬಹುದು. ಆಗಸ್ಟ್ 15ರಂದು ಶಾಲು ಹೊದಿಸಿದ ಧಣಿಯೇ ಆಗಸ್ಟ್ 16ರಂದು ಅವನಿಂದ ಕಾರಿನ ಬಾಗಿಲು ತೆರೆಯಿಸಿಕೊಳ್ಳುತ್ತಾನೆ. ಗಿರಣಿಯ ಬಂಧುಗಳೇ, ಆತ ನಿಮ್ಮ ವೈರಿಯಲ್ಲ, ಮಾಲಕನ ಮನುಷ್ಯನೂ ಅಲ್ಲ. ಆತ ನಿಮ್ಮ ಹಾಗೆಯೇ ಕೂಲಿಯ ಆಳು. ಅವನ ಭವಿಷ್ಯನಿಧಿ, ಅವನ ಕನಿಷ್ಠ ಕೂಲಿ ನಿಮ್ಮ ಸಂಘದ ಬೇಡಿಕೆಯ ಪಟ್ಟಿಯಲ್ಲಿ ಇರಲೇಬೇಕು.

ಹಕ್ಕು ಕೇಳಿದರೆ ಏನಾಗುತ್ತದೆ? 2015ರಲ್ಲಿ ಒಂದೇ ದರ್ಜೆಗೆ ಒಂದೇ ಪಿಂಚಣಿ ಎಂದು ಮಾಜಿ ಸೈನಿಕರು ದಿಲ್ಲಿಯ ಜಂತರ್ ಮಂತರಿನಲ್ಲಿ ಕುಳಿತಾಗ, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಆಗಸ್ಟ್ 14ರಂದು, ಪದಕ ಧರಿಸಿದ ಮುದುಕರನ್ನು ಪೋಲೀಸರು ಎಳೆದಾಡಿದರು. ಅದಕ್ಕೂ ಮೊದಲು, ಅಂಗವಿಕಲ ಸೈನಿಕರ ಪಿಂಚಣಿಯನ್ನು ಹೆಚ್ಚಿಸಿ ಕೊಡಬೇಕೆಂಬ ತೀರ್ಪುಗಳ ವಿರುದ್ಧ ಕೇಂದ್ರ ಸರಕಾರ ಸುಪ್ರೀಮ್ ಕೋರ್ಟಿಗೆ ಎಂಟುನೂರಕ್ಕೂ ಹೆಚ್ಚು ಮೇಲ್ಮನವಿ ಹೂಡಿತ್ತು. 2014ರ ಡಿಸೆಂಬರ 10ರಂದು ನ್ಯಾಯಾಲಯ ಅವನ್ನೆಲ್ಲ ಒಟ್ಟಿಗೆ ತಳ್ಳಿಹಾಕಿತು. ಕಾಲು ಕಳೆದುಕೊಂಡವನ ವಿರುದ್ಧ ವಕೀಲರಿಗೆ ದುಡ್ಡು ಕೊಟ್ಟು ಬಡಿದಾಡುವ ಸರಕಾರ ಯಾವ ಬಾಯಿಯಿಂದ ಜೈ ಜವಾನ್ ಎನ್ನುತ್ತದೆ?

ಈಗ ಬಂದ ನಾಲ್ಕು ವರ್ಷದ ಸೈನಿಕ

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷದ ಸೇವೆ, ನೂರಕ್ಕೆ 25 ಮಂದಿಗೆ ಮಾತ್ರ ಮುಂದಿನ ಅವಕಾಶ. ಉಳಿದವರಿಗೆ ಸುಮಾರು 11.71 ಲಕ್ಷದ ಗಂಟು. ಪಿಂಚಣಿ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ಗಿರಣಿಯ ಕಾರ್ಮಿಕರಿಗೆ ಇದು ಹೊಸ ಮಾತಲ್ಲ. ಕಾಯಂ ಆಳನ್ನು ತೆಗೆದು ಬದಲಿ ಆಳನ್ನು ಇಟ್ಟುಕೊಳ್ಳುವ ಮಾಲಕರ ಹಂಚಿಕೆಯನ್ನು ನೀವು ಕಂಡಿದ್ದೀರಿ. ಅದೇ ಹಂಚಿಕೆ ಈಗ ಗಡಿಗೆ ಹೋಗಿದೆ.

2023ರ ಅಕ್ಟೋಬರದಲ್ಲಿ ಅದೇ ಸಿಯಾಚಿನ್ನಿನಲ್ಲಿ ಅಗ್ನಿವೀರನೊಬ್ಬ ಮಡಿದ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಅಕ್ಷಯ ಲಕ್ಷ್ಮಣ ಗವಟೆ. 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ, ಉಳಿದ ಅವಧಿಯ ಸಂಬಳ ಮುಂತಾದುವೆಲ್ಲ ಆ ಕುಟುಂಬಕ್ಕೆ ಸಲ್ಲುತ್ತವೆಂದು ಸೇನೆ ಪ್ರಕಟಿಸಿತು. ಒಟ್ಟು ಕೋಟಿ ದಾಟಿತು. ನಾವು ಅದನ್ನು ಮುಚ್ಚಿಡುವುದಿಲ್ಲ. ಆದರೆ ತಿಂಗಳ ಪಿಂಚಣಿ? ಅದು ಆ ಯೋಜನೆಯಲ್ಲಿಯೇ ಇರಲಿಲ್ಲ. ಒಂದೇ ಹಿಮ, ಒಂದೇ ಬಾವುಟ, ಒಂದೇ ಸಾವು. ಹನಮಂತಪ್ಪನ ಕಾಲದ ಸಿಪಾಯಿಯ ಮನೆಗೆ ಪಿಂಚಣಿಯ ಹಕ್ಕು, ಅಗ್ನಿವೀರನ ಮನೆಗೆ ಅದಿಲ್ಲ. ಇಡಿಗಂಟು ಕೈಗೆ ಬಂದ ದಿನ ನೆಂಟರು ಬರುತ್ತಾರೆ, ಸಾಲಗಾರರು ಬರುತ್ತಾರೆ, ಪ್ಲಾಟು ಮಾರುವವರು ಬರುತ್ತಾರೆ. ತಿಂಗಳ ಮೊದಲ ತಾರೀಖಿಗೆ ಬರುವ ಪಿಂಚಣಿಯೊಂದೇ ಮುದಿ ತಾಯಿಯ ಕೊನೆಯವರೆಗೆ ಬರುವ ನೆಂಟ. ಇದು ನಮ್ಮದೊಂದೇ ಮಾತಲ್ಲ. ಅಗ್ನಿವೀರರ ಕುಟುಂಬಗಳಿಗೂ ಇತರ ಸೈನಿಕರ ಕುಟುಂಬಗಳಂತೆಯೇ ಸೌಲಭ್ಯ ಸಿಗಬೇಕೆಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ 2024ರಲ್ಲಿ ಶಿಫಾರಸು ಮಾಡಿತು.

ಅವರ ವಾದ, ನಮ್ಮ ಉತ್ತರ

ಬೊಕ್ಕಸದಲ್ಲಿ ಹಣವೆಲ್ಲಿದೆ ಎನ್ನುತ್ತಾರೆ. ಜಾಹೀರಾತಿಗೆ, ಸಮಾರಂಭಕ್ಕೆ, ದೊಡ್ಡ ಬಂಡವಲಗಾರರ ಬ್ಯಾಂಕ್ ಸಾಲ ಬರಖಾಸ್ತಿಗೆ ಹಣವಿರುವಾಗ ಸಿಪಾಯಿಯ ಹೆಂಡತಿಯ ಸರದಿ ಬಂದಾಗ ಮಾತ್ರ ಬೊಕ್ಕಸ ಬರಿದಾಗುವುದು ಯಾವ ಲೆಕ್ಕ?

ಸಂಬಳಕ್ಕಾಗಿ ಸೇರಿದವರು ತಾನೇ ಎಂದು ಕೆಲವರು ಮೆಲ್ಲಗೆ ಗೊಣಗುತ್ತಾರೆ. ಹೌದು, ಸಂಬಳಕ್ಕಾಗಿಯೇ ಸೇರಿದರು. ಹೊಲ ಮೂರು ಪಾಲಾಗಿ, ಮಳೆ ಕೈಕೊಟ್ಟು, ಊರಲ್ಲಿ ಉದ್ಯೋಗವಿಲ್ಲದೆ ಸೇರಿದರು. ಅಲ್ಲಿ ದುಡಿದರು, ಸತ್ತರು. ದುಡಿದು ಸತ್ತವನ ಮನೆಗೆ ಕೊಡಬೇಕಾದದ್ದು ಹಕ್ಕಿನ ಹಣ ಎಂಬ ನಮ್ಮ ಮಾತು ಇದರಿಂದ ಇನ್ನಷ್ಟು ಗಟ್ಟಿಯಾಯಿತು. ಇಲ್ಲಿ ಭಿಕ್ಷೆಯ ಮಾತೇ ಇಲ್ಲ.

ಸತ್ತವರ ವಿಷಯದಲ್ಲಿ ರಾಜಕೀಯ ಬೇಡ ಎನ್ನುತ್ತಾರೆ ಮೂರನೆಯವರು. ಸೈನಿಕನ ಫೋಟೋವನ್ನು ಚುನಾವಣೆಯ ಫಲಕಕ್ಕೆ ಅಂಟಿಸಿದಾಗ ಈ ಮಾತು ಎಲ್ಲಿ ಅಡಗಿತ್ತು? ಹಾರ ಹಾಕುವುದು ದೇಶಭಕ್ತಿ, ಪಿಂಚಣಿ ಕೇಳುವುದು ರಾಜಕೀಯ. ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ.

ಜವಾನ ಮತ್ತು ಕಿಸಾನ

ಜೈ ಜವಾನ್, ಜೈ ಕಿಸಾನ್ ಎಂದು ಲಾಲ್ ಬಹಾದೂರ್ ಶಾಸ್ತ್ರಿಯವರು 1965ರಲ್ಲಿ ಕೂಗಿದರು. ನಮ್ಮ ಜಿಲ್ಲೆಯಲ್ಲಿ ಆ ಜವಾನನೂ ಕಿಸಾನನೂ ಒಂದೇ ಮನೆಯವರು. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ನವಲಗುಂದ, ನರಗುಂದಗಳಲ್ಲಿ ಎದ್ದ ರೈತರ ಮೇಲೆ ಗುಂಡು ಹಾರಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಸತ್ತರು. ಇಂದಿಗೂ ಜುಲೈ 21ಕ್ಕೆ ಎಲ್ಲ ಪಕ್ಷದವರೂ ಅವರ ಕಲ್ಲಿಗೆ ಹಾರ ಹಾಕುತ್ತಾರೆ. 2016ನ್ನು ನೆನೆಯಿರಿ. ಫೆಬ್ರವರಿಯಲ್ಲಿ ಬೆಟದೂರಿನ ರೈತನ ಮಗನ ಶವಕ್ಕೆ ಬಂದೂಕು ತಲೆಕೆಳಗಾಗಿಸಿ ವಂದಿಸಿದರು. ಅದೇ ವರ್ಷದ ಜುಲೈ ಕೊನೆಯಲ್ಲಿ, ಮಹದಾಯಿ ನೀರಿನ ಮಧ್ಯಂತರ ತೀರ್ಪಿನ ಮೇಲೆ ಜನ ಕೆರಳಿದಾಗ, ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೋಲೀಸರು ಮನೆಗಳಿಗೆ ನುಗ್ಗಿ ಹೆಂಗಸರು ಮುದುಕರೆನ್ನದೆ ಬಡಿದರು, ರೈತರನ್ನು ದೂರದ ಜೈಲುಗಳಿಗೆ ಸಾಗಿಸಿದರು. ಮಗ ಸತ್ತರೆ ವಂದನೆ, ಅಪ್ಪ ನೀರು ಕೇಳಿದರೆ ಲಾಠಿ. ಸೈನಿಕನನ್ನು ಗೌರವಿಸುವ ಸರಕಾರ ಮೊದಲು ಅವನ ಅಪ್ಪನ ಹೊಲಕ್ಕೆ ನೀರು ಕೊಡಲಿ.

ಗಡಿಯ ಆಚೆಗೂ ಇದೇ ಕತೆ. 2012ರ ಏಪ್ರಿಲ್ 7ರಂದು ಸಿಯಾಚಿನ್ ಬಳಿಯ ಗಯಾರಿಯಲ್ಲಿ ಪಾಕಿಸ್ತಾನದ 140 ಮಂದಿ ಹಿಮದ ಅಡಿಯಲ್ಲಿ ಸತ್ತರು. ಅವರೂ ಬಹುಮಟ್ಟಿಗೆ ಯಾವುದೋ ಹಳ್ಳಿಯ ಬಡವರ ಮಕ್ಕಳೇ. ಯುದ್ಧ ಬೇಕು ಎಂದು ಊರಲ್ಲಿ ಕುಳಿತು ಕೂಗುವವರ ಮಕ್ಕಳು ಎರಡೂ ಕಡೆ ಆ ಎತ್ತರಕ್ಕೆ ಹೋಗುವುದು ಕಡಿಮೆ. ವಿಧವೆಯರ ಸಂಖ್ಯೆ ಹೆಚ್ಚದಂತೆ ನೋಡಿಕೊಳ್ಳುವುದೂ ಸೈನಿಕನಿಗೆ ಸಲ್ಲಿಸುವ ಗೌರವವೇ.

ನಾವು ಕೇಳುವುದೇನು?

ಒಂದು: ಮಡಿದ ಸೈನಿಕನ ಕುಟುಂಬಕ್ಕೆ ಹಣ, ಭೂಮಿ, ನಿವೇಶನ, ನೌಕರಿ ಎಷ್ಟು ಎಂಬುದು ಕಾನೂನಿನಲ್ಲಿ ಬರೆದಿರಲಿ, ಮಂತ್ರಿಯ ಬಾಯಿಯ ಮೇಲೆ ನಿಲ್ಲದಿರಲಿ. ಕರ್ನಾಟಕದ 1969ರ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಪಾಲು ಇಟ್ಟಿದೆ. ಆ ಪಾಲನ್ನು ಗೊತ್ತಾದ ಅವಧಿಯೊಳಗೆ ಅಳೆದು ಕೊಡಲಿ. ವಿಧವೆ ಕಚೇರಿಗೆ ಅಲೆಯುವುದು ನಿಲ್ಲಲಿ, ಅಧಿಕಾರಿ ಆಕೆಯ ಮನೆಗೆ ಬರಲಿ.

ಎರಡು: ಒಂದೇ ಸಾವಿಗೆ ಒಂದೇ ಪಿಂಚಣಿ. ಅಗ್ನಿವೀರ, ಹಳೆಯ ಸಿಪಾಯಿ ಎಂಬ ಭೇದ ಬೇಡ.

ಮೂರು: ಕಾದಿರಿಸಿದ ಹುದ್ದೆಗಳನ್ನು ತುಂಬಲಿ, ಪ್ರತಿ ವರ್ಷ ಜಿಲ್ಲಾವಾರು ಲೆಕ್ಕ ಪ್ರಕಟಿಸಲಿ. ಗುತ್ತಿಗೆಯ ಕಾವಲುಗಾರರಿಗೆ ಕನಿಷ್ಠ ಕೂಲಿ, ಭವಿಷ್ಯನಿಧಿ ಸಿಗುವಂತೆ ಮಾಡಲಿ.

ನಾಲ್ಕು: ಸೈನಿಕರ ನ್ಯಾಯಮಂಡಳಿಯ ಪೀಠ ಕರ್ನಾಟಕಕ್ಕೆ ಬರಲಿ. ಧಾರವಾಡದಲ್ಲಿ ಹೈಕೋರ್ಟಿನ ಪೀಠವೇ ಕೂಡ್ರಬಹುದಾದರೆ ಈ ಪೀಠವೂ ಇಲ್ಲಿ ಬಂದು ಕೂಡ್ರಬಹುದು.

ಐದನೆಯ ಕೆಲಸಕ್ಕೆ ಸರಕಾರದ ದಾರಿ ನೋಡಬೇಕಿಲ್ಲ. ನಮ್ಮ ಪಂಚಾಯತಿಗಳು, ಕಾರ್ಮಿಕ ಸಂಘಗಳು, ವರ್ತಕರ ಸಂಘಗಳು ಸೇರಿ ಮಾಡಬಹುದು. ಊರಿನ ಪ್ರತಿ ಸೈನಿಕ ಸ್ಮಾರಕದ ಪಕ್ಕದಲ್ಲಿ ಇನ್ನೊಂದು ಕಲ್ಲು ನಿಲ್ಲಿಸೋಣ. ಅದರ ಮೇಲೆ ಸರಕಾರ ಏನು ಘೋಷಿಸಿತು, ಯಾವ ದಿನ ಘೋಷಿಸಿತು, ಎಷ್ಟು ಕೊಟ್ಟಿತು, ಯಾವ ದಿನ ಕೊಟ್ಟಿತು ಎಂದು ಬರೆಯಿಸೋಣ. ಕೊಡದಿದ್ದುದರ ಮುಂದೆ ಜಾಗ ಖಾಲಿ ಬಿಡೋಣ. ಮುಂದಿನ ಜನವರಿ 26ರಂದು ಹಾರ ಹಿಡಿದು ಬರುವ ಪುಢಾರಿ ಮೊದಲು ಆ ಖಾಲಿ ಜಾಗವನ್ನು ಓದಲಿ, ಆಮೇಲೆ ಹಾರ ಹಾಕಲಿ. ಇದು ಹೊಸ ಪದ್ಧತಿಯೇನಲ್ಲ. ವೀರನ ಹೆಸರಿನ ಜೊತೆಗೆ ಬಿಟ್ಟ ಭೂಮಿಯನ್ನೂ ಕಲ್ಲಿನಲ್ಲಿ ಕೆತ್ತಿಸುವುದು ಈ ನಾಡಿನ ಹಳೆಯ ಪದ್ಧತಿ. ಬರುವ ಸಭೆಯಲ್ಲಿ ನಿಮ್ಮ ನಿಮ್ಮ ಸಂಘಗಳಲ್ಲಿ ಈ ಬಗ್ಗೆ ಠರಾವು ಮಾಡಿರಿ, ಪಂಚಾಯತಿಗೆ ಕಳಿಸಿರಿ, ಕಲ್ಲಿನ ಖರ್ಚಿಗೆ ತಲಾ ಒಂದು ರೂಪಾಯಿ ವಂತಿಗೆ ಎತ್ತಿರಿ.